ಹಯಾತ್ ಸಾಬರ ಕಾಲಿನ ಬಲೂನು

ಸ್ಟೀಲ್ ಟ್ರೇ ಖಾಲಿ. ಅದರಲ್ಲಿದ್ದ ಬಲೂನೂ ಇಲ್ಲ, ಸಿರಿಂಜೂ ಇಲ್ಲ.

ಮಕ್ಕಳು ಊದುವ ಬಲೂನಲ್ಲ. ಸಣ್ಣ ಕೊಳವೆ, ಅದರ ತುದಿಗೆ ಪುಟಾಣಿ ಬಲೂನು. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ರಕ್ತನಾಳದೊಳಗೆ ತೂರಿಸಿ, ಕಟ್ಟಿಕೊಂಡ ಜಾಗದಲ್ಲಿ ಉಬ್ಬಿಸಿದರೆ ರಕ್ತಕ್ಕೆ ದಾರಿ ಬಿಡುತ್ತದೆ. ಡಾಕ್ಟರ್ ನಾಗರಾಜಪ್ಪ ತಮ್ಮ ಆಸ್ಪತ್ರೆಗೆ ಬೊಂಬಾಯಿಯಿಂದ ತರಿಸಿದ್ದರು. ೧೯೮೫ರ ದಾವಣಗೆರೆಗೆ ಅದು ಚಂದ್ರನಿಗೆ ಏಣಿ ಹಾಕಿದಷ್ಟು ದೊಡ್ಡ ಸುದ್ದಿ. ಆ ಬಲೂನು ಸಿಗದಿದ್ದರೆ? ಹರಿಹರದ ಸೈಕಲ್ ಶಾಪಿನ ಹಯಾತ್ ಸಾಬರ ತಣ್ಣಗಾದ ಎಡಗಾಲನ್ನು ಕತ್ತರಿಸಬೇಕು.

ಪುಣ್ಯಕ್ಕೆ ಸಾಬರ ನೆರೆಮನೆಯ ತೋಟಪ್ಪ ಜೊತೆಗೆ ಬಂದಿದ್ದ. ನಿವೃತ್ತ ರೈಲ್ವೆ ಪೊಲೀಸ್. ಅವನ ಮೀಸೆ ಕಂಡ ಜೇಬುಗಳ್ಳರು ಹರಿಹರದಲ್ಲಿ ಇಳಿಯದೆ ಹುಬ್ಬಳ್ಳಿವರೆಗೂ ಹೋಗುತ್ತಿದ್ದರು. ಹೇಳಿದವನು ತೋಟಪ್ಪನೇ ಆದ್ದರಿಂದ ಸಂಶಯಪಡುವಂತಿಲ್ಲ.

"ಟ್ರೇ ಎಲ್ಲಿತ್ತು, ಸಿಸ್ಟರ್?"

"ಎಕ್ಸ್‌ರೇ ಟೇಬಲ್ ಮ್ಯಾಲೆ, ಹಯಾತ್ ಸಾಬ್ರ ಪಕ್ಕದಾಗೇ," ಎಂದಳು ನರ್ಸ್ ಕಸ್ತೂರಮ್ಮ. "ಅಷ್ಟ್ರಾಗ ಕರೆಂಟ್ ಹೋತು. ಅವ್ರನ್ನ ವಾರ್ಡಿಗೆ ವಾಪಸ್ ತಂದ್ವಿ. ಕರೆಂಟ್ ಬಂದ್ಮ್ಯಾಲೆ ನೋಡಿದ್ರೆ ಇಲ್ಲ."

"ನಡುವೆ ಕೋಣೆಗೆ ಹೋದೋರು?"

"ಕಸ ಹೊಡೆಯೋ ದುರುಗವ್ವ."

ದುರುಗವ್ವ ಬುಟ್ಟಿಯನ್ನು ತೋಟಪ್ಪನ ಕಾಲ ಬುಡದಲ್ಲೇ ಸುರುವಿದಳು. ಹತ್ತಿ, ಬಾಳೆಸಿಪ್ಪೆ. "ಹುಡುಕ್ರಿ ಸಾಹೇಬ್ರೆ. ಮೀಸೆ ಮಾತ್ರ ಹೊಲಸಾದೀತು."

ಉಳಿದವರು ವಾರ್ಡಿನಲ್ಲಿದ್ದ ಹಯಾತ್ ಸಾಬರ ಹೆಂಡತಿ ಸುಗ್ರಾಬಿ. ಮೈಯೊಳಗೆ ಪೈಪ್ ಬ್ಯಾಡ ಎಂದು ನಿನ್ನೆಯೆಲ್ಲ ಅತ್ತಿದ್ದರು.

"ಭಾಬಿ, ನೀವೇನಾದ್ರೂ—"

"ಅವ್ರ ಕಾಲು ಹೋಗ್ಲಿ ಅಂತ ನಾನು ಮುಚ್ಚಿಡ್ತೀನಾ, ತೋಟಪ್ಪಣ್ಣ?"

ತೋಟಪ್ಪ ಕಣ್ಣು ತಗ್ಗಿಸಿದ. ಮಂಚದ ಕೆಳಗೆ ಬೇಸಿನ್ ತುಂಬ ನೀರು. ಹಯಾತ್ ಸಾಬರ ಅಂಗಿತೋಳು ಮೊಣಕೈವರೆಗೆ ಒದ್ದೆ.

"ಇದ್ಯಾಕ ನೀರು?"

"ನಮಾಜಿಗೆ ವಜೂ ಮಾಡಿರ್ಬೇಕು," ಎಂದರು ಸುಗ್ರಾಬಿ. "ದುರುಗವ್ವನ ಕೈಲಿ ತರಿಸ್ಕಂಡಾರೆ. ನಾನು ಕ್ಯಾಂಟೀನಿಗೆ ಹೋಗಿದ್ದೆ."

ಡಾಕ್ಟರೂ ಸೇರಿ ಎಲ್ಲರೂ ಒಪ್ಪಿದರು. ತೋಟಪ್ಪ ಒಪ್ಪಲಿಲ್ಲ. ಇಡೀ ರೈಲ್ವೆ ಇಲಾಖೆಯೇ ಬಂದು ನಿಂತಂತೆ ಎದೆ ಸೆಟೆಸಿದ.

"ನಿಮ್ಮ ಪಕ್ಕದ ಮನ್ಯಾಗೇ ಮುದುಕ ಆಗೀನಿ, ಭಾಬಿ. ವಜೂ ಅಂದ್ರೆ ಮುಖ ತೊಳೀಬೇಕು, ಕಾಲೂ ತೊಳೀಬೇಕು. ಇವನ ಗಡ್ಡ ಒಣಗೇತಿ. ನೆಟ್ಟಗಿರೋ ಬಲಗಾಲಿನ ಮ್ಯಾಲೂ ಧೂಳು ಹಂಗೇ ಐತೆ. ಬರೀ ತೋಳು ಒದ್ದೆ— ಅಂದ್ರೆ? ಏನೋ ಹಿಡ್ಕಂಡು ನೀರಾಗ ಮುಳುಗಿಸ್ಯಾನೆ. ಸೈಕಲ್ ಶಾಪಿನೋನು ನೀರಾಗ ಏನು ಮುಳುಗಿಸ್ತಾನೆ, ಡಾಕ್ಟ್ರೆ?"

"ಟ್ಯೂಬು," ಎಂದರು ನಾಗರಾಜಪ್ಪ, ಮೆಲ್ಲಗೆ.

"ಕಳ್ಳ ಪೇಷಂಟೇ."

ಹಯಾತ್ ಸಾಬರು ದಿಂಬಿನಡಿಯಿಂದ ಬಲೂನು, ಸಿರಿಂಜು ತೆಗೆದರು. "ಮುಳುಗಿಸಿ ನೋಡದ ಟ್ಯೂಬನ್ನ ಯಾರ ಗಾಲಿಗೂ ಹಾಕಿದೋನಲ್ಲ ನಾನು. ನನ್ನ ಕಾಲಿಗೆ ಹೆಂಗೆ ಹಾಕಿಸ್ಕಳ್ಳಿ? ಕರೆಂಟ್ ಹೋದಾಗ ಕತ್ತಲಾಗ ಎತ್ಕಂಡೆ. ವಾಪಸ್ ಇಡೋದ್ರಾಗ ನೀವೆಲ್ಲ ಕಳ್ಳ ಕಳ್ಳ ಅಂದ್ರಿ. ಬಾಯಿ ಕಟ್ತು."

"ಅದಕ್ಕೆ ತುಂಬೋದು ಗಾಳಿ ಅಲ್ರೀ, ಔಷಧಿ ನೀರು," ಎಂದರು ಡಾಕ್ಟರು. ಸಿಟ್ಟು ಮಾಡಲು ಹೋಗಿ ಸೋತರು. "ಗುಳ್ಳೆ ಬಂತಾ?"

"ಒಂದೂ ಇಲ್ಲ. ಪಾಸ್."

ಬಲೂನನ್ನು ಮತ್ತೆ ಕ್ರಿಮಿ ಸಾಯಿಸುವ ದ್ರಾವಣದಲ್ಲಿ ನೆನೆಸಿದರು. ಮರುದಿನ ಕರೆಂಟ್ ಕೈಕೊಡಲಿಲ್ಲ. ಎಕ್ಸ್‌ರೇ ಪರದೆಯ ಮೇಲೆ ಬಲೂನು ಉಬ್ಬಿತು; ಬರಗಾಲದ ಹಳ್ಳದಂತಿದ್ದ ನಾಳ ತುಂಗಭದ್ರೆಯಷ್ಟು ಅಗಲವಾಯಿತು. ಅಷ್ಟು ಅಗಲವೆಂದದ್ದೂ ತೋಟಪ್ಪನೇ. ಅವನನ್ನು ಒಳಗೆ ಬಿಟ್ಟಿರಲಿಲ್ಲ.

ವಾರ್ಡಿನಲ್ಲಿ ಸುಗ್ರಾಬಿ ಗಂಡನ ಎಡಪಾದವನ್ನು ಹೆದರುತ್ತ ಮುಟ್ಟಿದರು. "ಬೆಚ್ಚಗೈತೆ," ಎಂದರು. ಯಾರೂ ಕೇಳದಿದ್ದರೂ ಇನ್ನೊಮ್ಮೆ ಎಂದರು. ಕೈ ಮಾತ್ರ ತೆಗೆಯಲಿಲ್ಲ.