ಅಚಾರಿನ ಶೀಸೆಗೆ ಕಟ್ಟಿದ ಬಟ್ಟೆ

ಮಾರ್ಚ್ ಮೂರು, ಮಂಗಳವಾರ ಬೆಳಿಗ್ಗೆ ಟೊರಾಂಟೊದ ಸ್ಕಾರ್ಬರೊ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಎಪ್ಪತ್ತು ದಾಟಿದ ಸುಖನಂದನ್ ಮೇಜಿನ ಮೇಲೊಂದು ಚೀಲ ಇಟ್ಟರು.

"ಪ್ರತಿ ಭಾನುವಾರ ಯಾರೋ ನನ್ನ ಬಾಗಿಲಲ್ಲಿ ಊಟ ಇಟ್ಟು ಓಡಿಹೋಗ್ತಾರೆ, ಮಗಳೇ."

ಸಾರ್ಜೆಂಟ್ ಯೊನೆಟ್ ಗ್ರೀನಿಜ್ ತಲೆಯೆತ್ತಿದಳು. "ಊಟ ಕೊಟ್ಟಿದ್ದಕ್ಕೆ ದೂರಾ, ಅಂಕಲ್?"

"ವಿಷ ಹಾಕಿದ್ರೆ?"

"ತಿಂದಿಲ್ಲ ತಾನೇ?"

"ಒಂದು ತಿಂಗಳಿಂದ ತಿಂತಿದ್ದೀನಿ. ಬೇಳೆ ತುಂಬಿದ ದಾಲ್ ಪುರಿ ಅಷ್ಟು ಮೆತ್ತಗಿದ್ರೆ ಏನು ಮಾಡ್ಲಿ!"

ಕಾನ್‌ಸ್ಟೆಬಲ್ ಹರಿಲಾಲ್ ನಗು ನುಂಗಿದ. ಮುದುಕರ ಮುಖ ಮಾತ್ರ ಬಾಡಿತು. "ಹದಿನೆಂಟಕ್ಕೆ ದ್ರೌಪತಿಯ ಮೇಲ್ಮನವಿ ಇದೆ. ಅದನ್ನ ಕೆಡಿಸೋಕೆ ಯಾರೋ ಸುತ್ತಾಡ್ತಿದ್ದಾರೇನೋ ಅಂತ ಭಯ."

ದ್ರೌಪತಿ ಅವರ ಹೆಂಡತಿ. ಎರಡು ವರ್ಷದ ಹಿಂದೆ ಗಯಾನಾದಿಂದ ಮರಳುವಾಗ ಅವಳ ಪೆಟ್ಟಿಗೆಯಲ್ಲಿದ್ದ ಮಾವಿನ ಉಪ್ಪಿನಕಾಯಿಯ, ಅಂದರೆ ಅಚಾರಿನ, ಶೀಸೆಗಳ ತಳದಲ್ಲಿ ಕೊಕೇನ್ ಸಿಕ್ಕಿತ್ತು. ಮಾದಕ ವಸ್ತು ಆಮದಿಗೆ ಏಳು ವರ್ಷದ ಶಿಕ್ಷೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ "ಎಲ್ಲ ನೀವೇ ತುಂಬಿದ್ದಾ?" ಎಂದು ಕೇಳಿದಾಗ ಆಕೆ "ಹೌದು" ಎಂದಿದ್ದಳು. ಊರಿನಿಂದ ಬರುವವರೆಲ್ಲ ಹೇಳುವುದು ಅದನ್ನೇ. ನೆಂಟರಿಷ್ಟರ ಗಂಟು ಹೊರದೆ ಬಂದವರು ಯಾರಿದ್ದಾರೆ? ಅಚಾರು ಬೇರೆಯವರದೆಂದು ನ್ಯಾಯಾಲಯದಲ್ಲಿ ಹೇಳಿದಳು. ಹೆಸರು ಮಾತ್ರ ಹೇಳಲಿಲ್ಲ. ಆ ಮೊದಲ "ಹೌದು" ಅವಳನ್ನು ಮುಳುಗಿಸಿತ್ತು. ಹೊಸ ಸಾಕ್ಷ್ಯವಿಲ್ಲದೆ ಮೇಲ್ಮನವಿ ನಿಲ್ಲುವಂತಿರಲಿಲ್ಲ.

ಗ್ರೀನಿಜ್ ಚೀಲದಿಂದ ಅಚಾರಿನ ಸಣ್ಣ ಶೀಸೆ ತೆಗೆದು ಮುಚ್ಚಳ ತಿರುಗಿಸಿದಳು. ಬಾಯಿಗೆ ಎಣ್ಣೆಯಲ್ಲಿ ನೆನೆದ ಹಳದಿ ಬಟ್ಟೆ, ಅದರ ಮೇಲೆ ನೀಲಿ ಹೂ. ಆಕೆಯ ಕೈ ಅಲ್ಲೇ ನಿಂತಿತು. ವಶಪಡಿಸಿಕೊಂಡ ಶೀಸೆಗಳ ಮೇಲಿದ್ದ ಇಂಥದೇ ಬಟ್ಟೆಯನ್ನು ಅಂದು ವಿಮಾನ ನಿಲ್ದಾಣದ ತಪಾಸಣಾ ತಂಡದಲ್ಲಿದ್ದು ಬಿಚ್ಚಿ ತೆಗೆದಿದ್ದವಳು ಅವಳೇ.

ಮಹಜರು ಬರೆದು, ಹೊಸ ತುಂಡನ್ನೂ ಹಳೆಯ ತುಂಡುಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದರು. ಶುಕ್ರವಾರ ವರದಿ ಬಂತು. ಹೊಸ ತುಂಡಿನ ಹರಿದ ಅಂಚು ಹಳೆಯದೊಂದರ ಅಂಚಿಗೆ ಎಳೆಗೆ ಎಳೆ ಕೂಡುತ್ತಿತ್ತು.

ಭಾನುವಾರ ಬೆಳಿಗ್ಗೆ ಗ್ರೀನಿಜ್, ಹರಿಲಾಲ್ ಇಬ್ಬರೂ ಸುಖನಂದನ್ ಮನೆಯೆದುರು ಕಾರಿನಲ್ಲಿ ಕಾದರು. ಹತ್ತೂವರೆಗೆ ಒಬ್ಬ ಹೆಂಗಸು ಬಂದಳು. ಬರಿಗೈಯಿಂದ ಮೆಟ್ಟಿಲ ಹಿಮ ಸರಿಸಿ, ಒಣಗಿದ ಜಾಗದಲ್ಲಿ ಚೀಲ ಇಟ್ಟಳು.

"ಅಯ್ಯೋ, ನಮ್ಮ ಮಂದಿರದ ಪಾರ್ಬತ್ತಿ ಆಂಟಿ!" ಎಂದ ಹರಿಲಾಲ್.

ಗ್ರೀನಿಜ್ ಅಡ್ಡ ನಿಂತಳು. "ಆಂಟಿ, ಉತ್ತರ ಕೊಡಲೇಬೇಕು ಅಂತಿಲ್ಲ. ವಕೀಲರನ್ನ ಕರೆಸಬಹುದು."

"ಕೇಳಮ್ಮ."

"ಈ ಬಟ್ಟೆ ಯಾರದು?"

"ನಮ್ಮಮ್ಮ ತಲೆಗೆ ಹೊದೀತಿದ್ದ ಓಢನಿ. ಅದನ್ನ ಕಟ್ಟಿದ್ರೆ ಅಚಾರು ಕೆಡಲ್ಲ ಅಂತಿದ್ಲು. ಉಳಿದದ್ದು ಮನೇಲಿದೆ."

"ದ್ರೌಪತಿಗೆ ಶೀಸೆ ಕೊಟ್ಟಿದ್ದು?"

"ನಾನೇ, ಗಯಾನಾದಲ್ಲಿ, ಅವಳು ಹೊರಡೋ ಮುಂಚೆ. ತಳದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಪಾಪ, ಅವಳಿಗೆ ಗೊತ್ತಿರಲಿಲ್ಲ."

ಠಾಣೆಯಲ್ಲಿ, ವಕೀಲರ ಎದುರು, ಉಳಿದದ್ದನ್ನು ಹೇಳಿದಳು. ಗಯಾನಾದ ಬರ್ಬೀಸ್‌ನಲ್ಲಿ ಕಳ್ಳಸಾಗಣೆದಾರರು ಅವಳ ಮಗನನ್ನು ಕೂಡಿಹಾಕಿದ್ದರು. ಶೀಸೆಗಳು ವಿಮಾನ ಹತ್ತಿದ ಮೇಲೆ ಬಿಟ್ಟರು. ಬಾಯಿ ಬಿಟ್ಟರೆ ಮತ್ತೆ ಹಿಡಿಯುವುದಾಗಿ ಹೆದರಿಸಿದರು. ಜನವರಿಯಲ್ಲಷ್ಟೇ ಅವನು ಟೊರಾಂಟೊ ಸೇರಿದ್ದ.

"ಅವತ್ತಿಂದ ಠಾಣೆಗೆ ಅಂತಲೇ ಹೊರಡ್ತೀನಿ. ಕಾಲು ಅವರ ಬಾಗಿಲಿಗೆ ಹೋಗುತ್ತೆ."

ಬಂಧನ ದಾಖಲಾಯಿತು. ಅವಳ ಮನೆಯಲ್ಲಿ ಸಿಕ್ಕ ಓಢನಿಯೂ, ಅವಳ ಹೇಳಿಕೆಯೂ ದ್ರೌಪತಿಯ ವಕೀಲರ ಕೈಸೇರಿದವು. ಹದಿನೆಂಟರಂದು ಸರ್ಕಾರಿ ವಕೀಲರೂ ತಕರಾರು ಮಾಡಲಿಲ್ಲ. ಮೂವರು ನ್ಯಾಯಮೂರ್ತಿಗಳು ಶಿಕ್ಷೆಯನ್ನು ರದ್ದುಪಡಿಸಿದರು.

ಮುಂದಿನ ಭಾನುವಾರ ಗಂಡಹೆಂಡಿರು ಠಾಣೆಗೆ ಬಂದರು. ದ್ರೌಪತಿಯ ಕೈಯಲ್ಲಿ ಬಿಸಿ ಡಬ್ಬಿಯಿತ್ತು.

"ಪಾರ್ಬತ್ತಿಗೆ."

"ಜೈಲಿನೊಳಗೆ ಹೊರಗಿನ ಊಟ ಬಿಡಲ್ಲ, ಆಂಟಿ," ಎಂದಳು ಗ್ರೀನಿಜ್.

"ಅಲ್ಲಿಂದಲೇ ಬಂದೋಳಿಗೆ ಹೇಳ್ತೀಯಲ್ಲ! ನಾನು ತಂದಿದ್ದೆ ಅಂತ ಅವಳಿಗೆ ತಿಳಿಸು, ಸಾಕು. ಊಟ ನೀವು ಮಾಡಿ."

"ಅವತ್ತೇ ಹೆಸರು ಯಾಕೆ ಹೇಳಲಿಲ್ಲ?"

"ನನ್ನ ಹಾಗೆ ಅವಳನ್ನೂ ಯಾರೋ ಯಾಮಾರಿಸಿದ್ದಾರೆ ಅಂದ್ಕೊಂಡಿದ್ದೆ. ಏನೂ ಅರಿಯದೋಳನ್ನ ಹೇಗೆ ಒಳಗೆ ಕಳಿಸ್ಲಿ?"

ಗ್ರೀನಿಜ್ ಡಬ್ಬಿ ತೆಗೆದುಕೊಂಡು, ಅಭ್ಯಾಸಬಲದಿಂದ ಕೇಳಿದಳು: "ಎಲ್ಲ ನೀವೇ ತುಂಬಿದ್ದಾ?"

"ಹೌದು," ಎಂದಳು ದ್ರೌಪತಿ.

"ಸುಳ್ಳು," ಎಂದರು ಹಿಂದಿನಿಂದ ಸುಖನಂದನ್. "ಕುಂಬಳಕಾಯಿ ಹೆಚ್ಚಿದ್ದು ನಾನು. ಬರ್ಕೊಳ್ಳಮ್ಮ."