ಸಾಲುಗಾಳಕ್ಕೆ ಕಟ್ಟಿದ ಕಾಯಿ

ಬೋಟು ನೇರವಾಗಿ ನನ್ನ ಮೇಲೇ ಬರುತ್ತಿತ್ತು!

ಅದರಲ್ಲಿ ಮೂವರಿದ್ದರು. ಹಿಂದೆ ಮೋಟಾರು ಹಿಡಿದವನು ಮಾಯಣ್ಣ ಅನ್ನುವ ಆಳು. ಮುಂದೆ ಮಚ್ಚು ಹಿಡಿದು ನಿಂತ ಒಬ್ಬ ದಡಿಯ. ನಡುವೆ ಬಿಳಿ ಷರಟು ಹಾಕಿಕೊಂಡು, ಬೀಗರ ಮನೆಗೆ ಹೊರಟವನ ಹಾಗೆ ಕೂತಿದ್ದ ಮೋಹನ್ ಕುಮಾರ್. ತಿಪಟೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ನಾಲ್ಕು ದಿನದ ಹಿಂದೆ ನನ್ನನ್ನು ಕೆಲಸಕ್ಕೆ ಹಿಡಿದವನೂ ಅವನೇ!

ನಾನಿದ್ದದ್ದು ಹಳದಿ ಕಯಾಕಿನಲ್ಲಿ. ಕಯಾಕ್ ಅಂದರೆ ಗೊತ್ತಲ್ಲ ಸಾರ್? ಒಬ್ಬನೇ ಕೂತು, ಎರಡು ಕಡೆ ಅಲಗಿರುವ ಒಂದೇ ಹುಟ್ಟಿನಿಂದ ನಡೆಸುವ ಪ್ಲಾಸ್ಟಿಕ್ ದೋಣಿ. ನನಗಿಂತ ಇಪ್ಪತ್ತು ಮಾರು ಮುಂದೆ ನೀಲಿ ಕಯಾಕಿನಲ್ಲಿ ಓಬಳೇಶ್. ಅವರಿಗೆ ಬೇಕಾಗಿದ್ದವನು ಅವನು.

ಜೀವಂತವಾಗಿ ಬೇಕಾಗಿರಲಿಲ್ಲ.

"ಸಾ, ತೋಳಲ್ಲಿ ಎಳೀಬೇಡಿ! ಸೊಂಟ ತಿರುಗ್ಸಿ... ಸೊಂಟ!" ಎಂದು ಅವನು ಕೂಗಿದ.

ಸೊಂಟವಂತೆ! ಐವತ್ನಾಲ್ಕು ವರ್ಷದ ಸೊಂಟ. ಅರ್ಧ ಆಯುಸ್ಸು ಪೊಲೀಸ್ ಜೀಪಿನಲ್ಲಿ ಕುಲುಕಿ ಸವೆದದ್ದು. ಒಮ್ಮೆ ತಿರುಗಿದರೆ ವಾಪಸ್ಸು ಬರುತ್ತದೆ ಅನ್ನುವ ಗ್ಯಾರಂಟಿ ನನಗಿರಲಿಲ್ಲ.

ಇಲ್ಲಿಗೆ ಹೇಗೆ ಬಂದೆ ಅಂತ ಮೊದಲು ಹೇಳಿಬಿಡುತ್ತೇನೆ, ಕೇಳಿ.

ನನ್ನ ಹೆಸರು ಗಂಗಾಧರ್. ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ, ಈಗಲ್ಲ. ಯಾಕಲ್ಲ ಅಂತ ಕೇಳಬೇಡಿ. ತಿಪಟೂರಿನಲ್ಲಿ ಟೈರ್ ಅಂಗಡಿಯ ಮೇಲೆ ಒಂದು ಆಫೀಸು ಮಾಡಿಕೊಂಡಿದ್ದೇನೆ. ಕಾಣೆಯಾದವರನ್ನು ಹುಡುಕಿಕೊಡುವುದು ಕಸುಬು. ಸಿಕ್ಕಿದ ಮೇಲೆ ಅವರು ಏನಾಗುತ್ತಾರೆ ಎಂದು ವಿಚಾರಿಸುವ ಅಭ್ಯಾಸ ನನಗಿರಲಿಲ್ಲ. ಅದೊಂದು ಸುಸ್ತು, ಯಾರಿಗೆ ಬೇಕು?

ಸೋಮವಾರ ಮೋಹನ್ ಕುಮಾರ್ ಬಂದ. ಕುರ್ಚಿ ಒರೆಸಿಕೊಂಡು ಕೂತ.

"ಓಬಳೇಶ್ ಅಂತ, ಹಟ್ಟಿಯೋನು ಕಣ್ರೀ. ಬೋರನಕಣಿವೆ ಹಿನ್ನೀರಲ್ಲಿ ಬೆಂಗ್ಳೂರೋರಿಗೆ ಮೀನು ಹಿಡಿಯೋದು ಹೇಳ್ಕೊಡ್ತಾನೆ. ನನ್ ಕ್ಯಾಮೆರಾ ಕದ್ಕೊಂಡು ಓಡೋಗವ್ನೆ."

"ಒಂದು ಕ್ಯಾಮೆರಾಗೆ ನಾನ್ಯಾಕೆ ಸಾರ್? ಸ್ಟೇಷನ್‌ಗೆ ಹೋಗಿ."

"ಪಾಪ ಬಡವ, ಕೇಸು ಗೀಸು ಯಾಕೆ? ಎಲ್ಲವ್ನೆ ಅಂತ ಹೇಳಿ, ಸಾಕು."

'ಪಾಪ' ಅನ್ನುವ ಮಾತು ಆ ಬಾಯಿಗೆ ಒಗ್ಗಲಿಲ್ಲ. ಗಮನಿಸಿದೆ. ಗಮನಿಸಿಯೂ ಸುಮ್ಮನಾದೆ.

ಹಟ್ಟಿ ಇರುವುದು ಹುಳಿಯಾರಿನಿಂದಾಚೆ, ಹಿನ್ನೀರಿನ ಪಕ್ಕದಲ್ಲೇ. ಓಬಳೇಶನ ಹೆಂಡತಿ ದಿವ್ಯ ಬಾಗಿಲಲ್ಲೇ ನಿಂತು, "ಎಲ್ಲವ್ರೋ ನಂಗೊತ್ತಿಲ್ಲ ಸಾರ್" ಅಂದಳು. ಸುಳ್ಳು ಹೇಳಿ ರೂಢಿ ಇಲ್ಲದವಳು. ಕಣ್ಣು ನೇರ ನೀರಿನ ಕಡೆ ಹೋಯಿತು.

ಎರಡು ದಿನ ಅವಳ ಹಿಂದೆ ಬಿದ್ದೆ. ಎರಡು ದಿನವೂ ಅವಳು ಹುಳಿಯಾರಿನ ಎಣ್ಣೆ ಮಿಲ್ಲಿನಿಂದ ಕೊಬ್ಬರಿ ಹಿಂಡಿ ತಂದಳು. ಹಿಂಡಿ ತಿನ್ನಲು ಅವಳ ಕೊಟ್ಟಿಗೆಯಲ್ಲಿ ಹಸುವೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ!

ಟೀ ಅಂಗಡಿಯವನು ಸಂದೇಹ ಪರಿಹರಿಸಿದ. "ಹಿಂಡಿ ಜೊತೆ ರಾಗಿಹಿಟ್ಟು ಕಲ್ಸಿ, ಗಟ್ಟಿಗೆ ನಿಂಬೆಹಣ್ಣಿನಷ್ಟು ಉಂಡೆ ಕಟ್ಬೇಕು ಸಾ. ದಡದಲ್ಲಿ ಕೂತ್ಕಂಡು ಗಾಳಕ್ಕೆ ಹಾಕಿದ್ರೆ ಕಾಟ್ಲಾ ಮೀನು ವಾಸನೆಗೇ ಬತ್ತದೆ. ಉಂಡೆ ಸಡ್ಲ ಆದ್ರೆ ಮಾತ್ರ ನೀರಲ್ಲೇ ಕರಗೋಯ್ತದೆ."

ಮೂರನೆಯ ಸಂಜೆ ಅವಳು ದಡದ ಹೊಂಗೆ ಮರದ ಬುಡದಲ್ಲಿ ಚೀಲ ಇಟ್ಟು ಹೋದಳು. ಸ್ವಲ್ಪ ಹೊತ್ತಿಗೆ ನಡುಗಡ್ಡೆಯ ಜಾಲಿ ಮರೆಯಿಂದ ನೀಲಿ ಕಯಾಕ್ ಹೊರಬಂತು. ನಿಂತಲ್ಲೇ ಮೋಹನ್ ಕುಮಾರನಿಗೆ ಫೋನು ಮಾಡಿದೆ.

"ಹಿನ್ನೀರಿನ ನಡುಗಡ್ಡೇಲಿ ಇದಾನೆ ಸಾರ್."

"ಭೇಷ್! ಬೆಳಗ್ಗೆ ಏಳಕ್ಕೆ ಬೋಟ್ ತತ್ತೀನಿ."

"ಮಾತಾಡೋಕೆ ಬೋಟ್ ಯಾಕೆ ಸಾರ್?"

ಫೋನು ಕಟ್ಟಾಗಿತ್ತು.

ಕೆಲಸ ಮುಗಿಯಿತು ಅಂದುಕೊಂಡೆ. ಹೋಗುವ ದಾರಿಯಲ್ಲಿ ಬಾಯಾರಿತು. ಹಟ್ಟಿಯ ಕೊನೆಯ ಮನೆ ಜಗಲಿಯಲ್ಲಿ ಚಿತ್ತಮ್ಮ ಎಂಬ ಮುದುಕಿ ಕೂತಿದ್ದಳು. ನೀರು ಕೊಟ್ಟಳು. ಕೊಟ್ಟು ಕೇಳಿದಳು.

"ಮೋಹನ್ ಕುಮಾರಪ್ಪನ ಕಡೆಯೋನಾ?"

"ಅವರ ಕೆಲಸಕ್ಕೆ ಬಂದಿದ್ದೆ ಕಣಮ್ಮ."

"ನನ್ ಮಗ ಎತ್ತಪ್ಪನೂ ಅವ್ರ ಕೆಲ್ಸಕ್ಕೇ ಹೋದ. ಅವ್ರ ತೋಟದ ಪಾರ್ಟಿಗೆ ಮೀನು ಹಿಡಿಯಕ್ಕೆ. ಈಜಕ್ಕೋಗಿ ಮುಳುಗ್ದ ಅಂದ್ರು."

"ಅಯ್ಯೋ..."

"ಮುಳುಗ್ದೋನಿಗೆ ಬಲಗೈ ಎಲ್ಲೋಯ್ತದೆ ಕಣಪ್ಪಾ?"

ಆ ಕೈ ಹೇಗೆ ಹೋಗಿರುತ್ತದೆ ಅಂತ ನನಗೆ ಗೊತ್ತಿತ್ತು.

ಜಿಲೆಟಿನ್ ಕಡ್ಡಿ! ಬತ್ತಿ ಹೊತ್ತಿಸಿ ನೀರಿಗೆಸೆದರೆ ಒಂದೇ ಸಿಡಿತಕ್ಕೆ ಚೀಲಗಟ್ಟಲೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಎಸೆಯುವುದು ಒಂದು ಗಳಿಗೆ ತಡವಾದರೆ ಕೈಯಲ್ಲೇ ಸಿಡಿಯುತ್ತದೆ. ಎಸೆಯುವ ಕೈ ಮಾತ್ರ ಯಾವಾಗಲೂ ಕೂಲಿಯವನದೇ.

"ಓಬಳೇಶ ಅವತ್ತು ಅಲ್ಲೇ ಮೀನಿಡೀತಿದ್ನಂತೆ. ದೋಣಿಗೆ ಕ್ಯಾಮೆರಾ ಕಟ್ಕೊಂಡಿದ್ನಂತೆ" ಎಂದಳು ಮುದುಕಿ. ಅಳಲಿಲ್ಲ. ಬೆಳಗ್ಗೆ ಬೋಟು ಯಾಕೆ ಅಂತ ನನಗೆ ಈಗ ಅರ್ಥವಾಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೋಹನ್ ಕುಮಾರ್ ಫೋನು ಎತ್ತಲಿಲ್ಲ. ಪರಿಚಯದ ಇನ್‌ಸ್ಪೆಕ್ಟರ್ ಒಬ್ಬರಿಗೆ ಎಲ್ಲ ಹೇಳಿದೆ. ದೂರದಲ್ಲಿದ್ದರು. "ಬೆಳಗ್ಗೆ ಒಂಬತ್ತರೊಳಗೆ ಅಲ್ಲಿರ್ತೀವಿ" ಅಂದರು. ಮೋಹನ್ ಕುಮಾರ್ ಬರುವುದು ಏಳಕ್ಕೆ! ನಡುವಿನ ಎರಡು ಗಂಟೆ ನನ್ನ ಪಾಲಿಗೆ ಬಿತ್ತು.

ರಾತ್ರಿ ಕತ್ತಲಲ್ಲಿ ನೀರಿಗಿಳಿಯುವ ಹಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ದಿವ್ಯಳ ಬಾಗಿಲು ತಟ್ಟಿದೆ.

"ನಿನ್ನ ಗಂಡ ಎಲ್ಲಿದಾನೆ ಅಂತ ಅವರಿಗೆ ಗೊತ್ತಾಗಿದೆ. ಮನೆ ಮುಂದಿರೋ ಹಳದಿ ದೋಣಿ ಕೊಡಮ್ಮ."

ಅವಳು ಲೈಫ್ ಜಾಕೆಟ್ ಕೈಗೆತ್ತಿಕೊಂಡಳು. ಯಾರು ಹೇಳಿದರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

"ನಿಮಗೆ ದೋಣಿ ಬತ್ತದಾ?"

"ಇಲ್ಲ."

"ಈಜು?"

"ಬಾವೀಲಿ."

ಲೈಫ್ ಜಾಕೆಟ್ ತೊಡಿಸಿ ಬಕ್ಕಲ್ ಬಿಗಿದಳು. ಫೋನನ್ನು ಪ್ಲಾಸ್ಟಿಕ್ ಪೌಚಿಗೆ ಹಾಕಿ ಕೊರಳಿಗೆ ನೇತುಹಾಕಿದಳು. ಹುಟ್ಟನ್ನು ದಾರದಿಂದ ದೋಣಿಗೆ ಕಟ್ಟಿದಳು.

"ಮಗುಚಿದ್ರೆ ದೋಣಿ ಬುಡ್ಬೇಡಿ, ತಬ್ಕೊಳಿ. ಗಾಳಿ ಎದ್ರೆ ಅಡ್ಡ ನಿಲ್ಬೇಡಿ, ಮೂತಿ ಗಾಳಿಗೆ ಕೊಡಿ. ಆಮೇಲೆ... ನೀರಲ್ಲಿ ತೆಂಗಿನಕಾಯಿ ತೇಲ್ತಿದ್ರೆ ಮುಟ್ಟಲೇಬೇಡಿ. ಅದು ನಮ್ಮೋರ ಸಾಲುಗಾಳ. ಒಂದೇ ಹಗ್ಗಕ್ಕೆ ಐವತ್ತು ಗಾಳ ಇಳಿಬಿಟ್ಟವ್ರೆ. ಎರಡು ತುದೀಗೂ ಚಪ್ಪಡಿ ಕಲ್ಲು. ಗುರುತಿಗೆ ಕಾಯಿ."

ನಡುಗಡ್ಡೆ ಮುಟ್ಟುವ ಹೊತ್ತಿಗೆ ನನ್ನ ಎರಡು ಭುಜವೂ ಕೈಕೊಟ್ಟಿದ್ದವು. ಓಬಳೇಶ್ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಗಾಳದ ರಾಡಿನ ರೀಲು ಬಿಚ್ಚಿ ಒರೆಸುತ್ತಿದ್ದ. ಸಣಕಲ. ಎಂಟು ದಿನದ ಗಡ್ಡ.

"ಯಾರ್ ಸಾ ನೀವು?"

"ಆಮೇಲೆ ಹೇಳ್ತೀನಿ. ಕ್ಯಾಮೆರಾ ಎಲ್ಲಿ?"

"ಬ್ಯಾಟ್ರಿ ಹೋಯ್ತು. ಕಾರ್ಡೈತೆ, ಜೇಬಲ್ಲಿ."

"ಹೆಂಡತಿ ಕೈಲಿ ಯಾಕೆ ಕೊಡಲಿಲ್ಲ?"

"ರೋಡಲ್ಲೆಲ್ಲ ಅವ್ರ ಜನ ಕಾಯ್ತಾವ್ರೆ ಸಾ. ಅವಳ ಕುತ್ತಿಗೆಗೆ ಬರಲ್ವಾ?"

ಆಗ ಮೋಟಾರಿನ ಸದ್ದು ಕೇಳಿತು. ಏಳು ಗಂಟೆ ಅಂದವನು ಆರೂವರೆಗೇ ಬಂದಿದ್ದ! ಇಬ್ಬರೂ ನೀರಿಗೆ ಬಿದ್ದೆವು. ನಾನು ಕತೆ ಶುರುಮಾಡಿದ್ದು ಅಲ್ಲಿಂದಲೇ.

ಬೋಟು ಹತ್ತಿರ ಬಂತು. ಇನ್ನೂ ಹತ್ತಿರ. ಕೊನೆಯ ಕ್ಷಣದಲ್ಲಿ ನಾನು ಹುಟ್ಟು ಒತ್ತಿ ಎಡಕ್ಕೆ ತಿರುಗಿದೆ. ಬೋಟು ಒಂದು ಗೇಣಿನಲ್ಲಿ ತಪ್ಪಿ ಹೋಯಿತು. ಅದರ ಅಲೆ ಬಡಿದು ದೋಣಿ ಓಲಾಡಿತು. ಬಾಯಿ ತುಂಬ ನೀರು!

"ಬೊಡ್ಡೆ ಕಡೆ ಬನ್ನಿ ಸಾ!" ಓಬಳೇಶ್ ಕೂಗಿದ.

ಹಿನ್ನೀರಿನ ಆ ಮೂಲೆಯಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಗೇಣು ನೀರಲ್ಲೂ ಹೋಗುವ ಕಯಾಕು ನುಸುಳಿಬಿಡುತ್ತದೆ. ಮೋಟಾರು ಬೋಟು ತೆವಳಬೇಕು. ನುಸುಳಿದೆವು. ಆದರೆ ಅದರಾಚೆಗೆ ಕಡಿದಾದ ಕಲ್ಲಿನ ದಡ. ಹತ್ತಲು ದಾರಿಯಿಲ್ಲ! ಬೋಟು ಆ ಮೂಲೆಯ ಬಾಯಿಗೆ ಅಡ್ಡಲಾಗಿ, ನಿಧಾನವಾಗಿ ಬಂತು. ಸಿಕ್ಕಿಬಿದ್ದಿದ್ದೆವು. ಈ ಹುಡುಗನನ್ನು ಕೊಂದವನು ನಾನೇ ಅನ್ನಿಸಿತು.

"ಏನ್ ಗಂಗಾಧರಪ್ಪ!" ಮೋಹನ್ ಕುಮಾರ್ ನಕ್ಕ. "ಹುಡುಕಿಕೊಟ್ಟೋನು ನೀನೇ, ಬಚ್ಚಿಡೋನೂ ನೀನೇನಾ?"

"ಪೊಲೀಸ್ ಬರ್ತಿದಾರೆ ಸಾರ್. ವಾಪಸ್ ಹೋಗಿ."

"ಬರ್ಲಿ ಬುಡು. ಮೀನಿಡಿಯಕ್ಕೋಗಿ ಇಬ್ರು ಮುಳುಗೋದ್ರು ಅಂತೀವಿ."

ಅವನಿಗೆ ಅವಸರವಿರಲಿಲ್ಲ. ಗೆದ್ದವನಿಗೆ ಯಾಕೆ ಅವಸರ?

ಆಗ ಬೋಟಿನ ಪಕ್ಕದಲ್ಲೇ ಒಂದು ಕಾಯಿ ತೇಲಿತು. ದಪ್ಪ ಕಾಯಿ, ಒಣಗಿದ್ದು, ಸಿಪ್ಪೆ ಸಮೇತ.

ನಮ್ಮ ಸೀಮೆಯವರನ್ನು ನೀವು ನೋಡಿದ್ದೀರಲ್ಲ ಸಾರ್. ತೋಟದಲ್ಲಿ ಕಾಯಿ ಬಿದ್ದ ಸದ್ದಾದರೆ ಊಟದ ಎಲೆ ಮುಂದಿನಿಂದಲೂ ಎದ್ದು ಹೋಗುತ್ತೇವೆ. ಸಿಕ್ಕಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೆಳಗಿಡುವುದಿಲ್ಲ. ಒಳಗೆ ನೀರಿದೆಯೋ, ಕೊಬ್ಬರಿಯಾಗಿದೆಯೋ ತಿಳಿಯಬೇಕು. ಮೂವತ್ತು ವರ್ಷ ಮಂಡಿಯಲ್ಲಿ ಕೂತವನ ಕೈಗೆ ಅದು ಉಸಿರಾಟದಷ್ಟೇ ಸಲೀಸು.

ಮೋಹನ್ ಕುಮಾರ್ ನಮ್ಮನ್ನೇ ನೋಡುತ್ತ, ಮಾತಾಡುತ್ತಲೇ ಬಗ್ಗಿದ. ಕಾಯಿ ಎತ್ತಿದ. ಕಿವಿಗೆ ತಂದ. ಅರ್ಧದಲ್ಲೇ ಅದು ಜಗ್ಗಿತು.

"ಇದ್ಯಾಕ್ಲಾ ಬರಲ್ಲ?" ಎಂದು ಇನ್ನೊಂದು ಕೈ ಹಾಕಿ ಹಗ್ಗ ಜೋರಾಗಿ ಎಳೆದ.

"ಎಳೀಬೇಡಿ!" ಓಬಳೇಶನೇ ಕೂಗಿದ. ತನ್ನನ್ನು ಕೊಲ್ಲಲು ಬಂದವನಿಗೆ!

ತಡವಾಗಿತ್ತು. ಅಂಗೈಗೆ ಒಂದು ಗಾಳ, ಮುಂಗೈಗೆ ಇನ್ನೊಂದು. ಅವನ ಕಿರುಚಾಟಕ್ಕೆ ಬೆದರಿದ ಮಾಯಣ್ಣ ಮೋಟಾರು ಜೋರು ಮಾಡಿದ. ಸಡಿಲಾದ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಮೋಟಾರು ಗೊರಗೊರ ಅಂದು ನಿಂತೇ ಹೋಯಿತು. ಈ ಕಡೆ ಪ್ರೊಪೆಲ್ಲರು, ಆ ಕಡೆ ಚಪ್ಪಡಿ ಕಲ್ಲು, ನಡುವೆ ಮೋಹನ್ ಕುಮಾರನ ಕೈ!

ದಡಿಯ ಮಚ್ಚಿನಿಂದ ಹಗ್ಗ ಕಡಿಯಲು ಬಂದ. ಹಗ್ಗ ಅಲುಗಿತು.

"ಮುಟ್ಬೇಡ ಕಣ್ಲಾ! ಸಾಯ್ತೀನಿ... ಮುಟ್ಬೇಡ!"

ನಾನು ನಿಧಾನವಾಗಿ ಹುಟ್ಟು ಹಾಕುತ್ತ ಹತ್ತಿರ ಹೋದೆ. ಕೊರಳಲ್ಲಿದ್ದ ಫೋನು ತೆರೆದು ವೀಡಿಯೋ ಒತ್ತಿದೆ.

"ಮಚ್ಚು ನೀರಿಗೆ."

ಬುಳಕ್ ಎಂದಿತು.

"ಎತ್ತಪ್ಪನ ಕೈ ಹೇಗೆ ಹೋಯ್ತು ಸಾರ್?"

"ಏಯ್... ಮೊದ್ಲು ಇದು ಬಿಡ್ಸೋ!"

"ನನಗೂ ಅವಸರ ಇಲ್ಲ."

ಹೇಳಿದ. ಕಡ್ಡಿ ತಂದುಕೊಟ್ಟಿದ್ದು ತಾನೇ, ಎಸೆಯಲ್ಲ ಎಂದು ಎತ್ತಪ್ಪ ಗೋಗರೆದರೂ ಬೈದು ಎಸೆಸಿದ್ದು ತಾನೇ... ಎಲ್ಲ ಹೇಳಿದ. ಓಬಳೇಶನ ಕಾರ್ಡಿನಲ್ಲಿ ಅದಾಗಲೇ ಇತ್ತು. ಆದರೂ ಅವನ ಬಾಯಿಂದ ಕೇಳಬೇಕು ಅನ್ನಿಸಿತ್ತು, ಆ ಮುದುಕಿಗೋಸ್ಕರ.

ಓಬಳೇಶ್ ಇಕ್ಕಳ ಹಿಡಿದು ಬೋಟಿಗೆ ದೋಣಿ ಒತ್ತರಿಸಿದ.

"ಹಿಂದಕ್ಕೆ ಎಳೀಬಾರ್ದು ಸಾ. ಮಾಂಸ ಕಿತ್ಕೊಂಡು ಬತ್ತದೆ. ಮುಂದಕ್ಕೆ ತಳ್ಳಿ, ಮುಳ್ಳು ಈಚೆ ಬಂದ್ಮೇಲೆ ಕತ್ತರಿಸ್ಬೇಕು, ಆಮೇಲೆ ಜಾರ್ತದೆ" ಎಂದು ಪಾಠ ಹೇಳುವವನ ಹಾಗೆ ಹೇಳುತ್ತಲೇ ತಳ್ಳಿದ. ಮೋಹನ್ ಕುಮಾರನ ಕೂಗು ಹುಳಿಯಾರಿಗೆ ಕೇಳಿಸಿರಬೇಕು.

ಬೋಟು ಹಗ್ಗದಲ್ಲಿ ಸಿಕ್ಕಿಕೊಂಡೇ ಇತ್ತು. ಜೀಪು ಒಂಬತ್ತಕ್ಕೆ ಬಂತು. ಕಾರ್ಡು ಕೊಟ್ಟೆವು, ಮೂವರನ್ನೂ ಕೊಟ್ಟೆವು.

ಆಮೇಲೆ ದಿವ್ಯಳ ಮನೆಯಲ್ಲಿ ಕೂತೆ. ಅವಳು ಗಂಡನ ಕೈಯನ್ನು ಒಂದು ಕ್ಷಣವೂ ಬಿಟ್ಟಿರಲಿಲ್ಲ. ಒಂದೇ ಕೈಯಲ್ಲಿ ಕಾಫಿ ತಂದುಕೊಟ್ಟಳು. ಬೆಲ್ಲದ ಕಾಫಿ. ಅಂಥ ಕಾಫಿ ಕುಡಿದು ವರ್ಷಗಳಾಗಿದ್ದವು.

"ನನ್ನಿಂದಲೇ ಆಗಿದ್ದು ಸಾರ್" ಅಂದಳು. ಕಣ್ಣಲ್ಲಿ ನೀರಿತ್ತು. "ಹಿಂಡಿ ತಗೊಂಡು ಹೋಗುವಾಗ ಯಾರೋ ಹಿಂದೆ ಬಂದವ್ರೆ. ನಾನು ನೋಡ್ಕೋಬೇಕಿತ್ತು."

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ನಾನು ಸುಮ್ಮನಿದ್ದೇ ಐವತ್ನಾಲ್ಕು ವರ್ಷ ಬದುಕಿದವನು. ಆದರೆ ಅವತ್ತು ಸಾಕಾಗಿತ್ತು. ಅವಳು ತನ್ನನ್ನು ತಾನೇ ಬೈದುಕೊಳ್ಳುವುದನ್ನು ಕೇಳಲಾಗಲಿಲ್ಲ.

"ನಾನೇ ಕಣಮ್ಮ" ಅಂದೆ. "ಹಿಂದೆ ಬಂದೋನೂ ನಾನೇ, ಹೇಳಿದೋನೂ ನಾನೇ."

ನೀರಲ್ಲೇ ಮೋಹನ್ ಕುಮಾರನ ಬಾಯಿಂದ ಅದನ್ನು ಕೇಳಿದ್ದ ಓಬಳೇಶ್ ತಲೆ ಎತ್ತಲಿಲ್ಲ. ದಿವ್ಯ ನನ್ನನ್ನು ನೋಡಿದಳು. ಬೈಯಲಿಲ್ಲ.

"ಲೋಟ ಇಟ್ಟು ಹೋಗಿ ಸಾರ್" ಅಂದಳು.

ಅರ್ಧ ಕಾಫಿ ಉಳಿದಿತ್ತು. ಇಟ್ಟು ಎದ್ದೆ. ಇಷ್ಟು ಅಗ್ಗಕ್ಕೆ ನನ್ನನ್ನು ಇದುವರೆಗೆ ಯಾರೂ ಬಿಟ್ಟಿರಲಿಲ್ಲ!