ಮುಂದಿನವನ ಮುಷ್ಟಿ

ನಮ್ಮ ಬೈಕ್ ಕ್ಲಬ್ಬಿನಲ್ಲಿ ಒಂದು ನಿಯಮವಿದೆ. ಎಲ್ಲರಿಗಿಂತ ಮುಂದೆ ಹೋಗುವವನು ಎಡಗೈ ಮುಷ್ಟಿ ಎತ್ತಿದರೆ, ಹಿಂದಿನವರೆಲ್ಲ ಅದನ್ನು ನೋಡಿ ಸಾಲಾಗಿ ಮುಷ್ಟಿ ಎತ್ತಿ ನಿಲ್ಲಬೇಕು. ಕಳೆದ ಮಾರ್ಚಿನ ಒಂದು ಭಾನುವಾರ ಮಣಿಪಾಲದಿಂದ ಕಾರ್ಕಳಕ್ಕೆ ಹೊರಟ ಒಂಬತ್ತು ಬೈಕುಗಳಲ್ಲಿ ಮುಂದಿದ್ದವನು ನಾನು.

ಹಿರಿಯಡ್ಕ ದಾಟಿದ ಮೇಲೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ನನ್ನ ಎಡ ಮಣಿಕಟ್ಟು ಒಮ್ಮೆಲೇ ತಣ್ಣಗಾಯಿತು. ಕನ್ನಡಿ ನೋಡಿದೆ. ಹಿಂದಿದ್ದವರೆಲ್ಲ ಮುಷ್ಟಿ ಎತ್ತಿದ್ದರು. ನಾನು ಎತ್ತಿರಲಿಲ್ಲ. ಯಾರಿಗೋ ಏನೋ ಆಯಿತೆಂದು ಬ್ರೇಕ್ ಹಿಡಿದೆ.

ಬೈಕ್ ನಿಂತಿತಷ್ಟೆ. ಹತ್ತು ಮಾರು ಮುಂದೆ, ರಸ್ತೆ ಬದಿಯ ಹಳೆಯ ಧೂಪದ ಮರ ಅಡ್ಡಲಾಗಿ ಬಿತ್ತು. ಗಾಳಿ ಇರಲಿಲ್ಲ. ಧೂಳು ಮೆಲ್ಲಗೆ ಕೂತಿತು.

ನನ್ನ ಬೆನ್ನಿಗೇ ಇದ್ದ ಬೈಕಿನ ಯಶ್ಮಿತಾ ಹೆಲ್ಮೆಟ್ ತೆಗೆದಳು. "ನಿಮಗೆ ಮೊದಲೇ ಹೇಗೆ ಗೊತ್ತಾಯ್ತು ಮಾರಾಯ್ರೆ?"

"ಎಂತ ಗೊತ್ತಾಗುವುದು? ನಾನು ಕೈಯೇ ಎತ್ತಲಿಲ್ಲ."

"ಎತ್ತಿದ್ದೀರಿ. ಅದನ್ನು ನೋಡಿಯೇ ಅಲ್ವಾ ನಾವು ನಿಲ್ಲಿಸಿದ್ದು?"

ಅವಳ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಕಪ್ಪು ಗ್ಲೌಸ್ ಹಾಕಿದ ನನ್ನ ಎರಡೂ ಕೈಗಳು ಹ್ಯಾಂಡಲ್ ಮೇಲೆಯೇ ಇವೆ. ನನ್ನ ಎಡ ಭುಜದ ಪಕ್ಕದಲ್ಲಿ, ಮುಷ್ಟಿ ಕಟ್ಟಿದ ಕೈಯೊಂದು ನೆಟ್ಟಗೆ ಮೇಲೆದ್ದಿದೆ. ಅದಕ್ಕೆ ಗ್ಲೌಸ್ ಇಲ್ಲ.